ಈಗ ನೀನೇ ಕೆಡವು

ನಮ್ಮ ವಿಜ್ಞಾನದ ಮೇಡಂ ಬೆರಳ ತುದಿಗಳಲ್ಲಿ ಯಾವಾಗಲೂ ಅಂಟು ಒಣಗಿರುತ್ತಿತ್ತು. ರಟ್ಟು, ತಂತಿ, ಖಾಲಿ ಬಾಟಲಿ ಅಂತ ಏನನ್ನಾದರೂ ಅಂಟಿಸಿಕೊಂಡೇ ತರಗತಿಗೆ ಬರುವವರು. ನಾವು ಉತ್ತರ ಹೇಳುವಾಗ ಆ ಒಣಗಿದ ಪೊರೆಯನ್ನು ಹೆಬ್ಬೆರಳಿನಿಂದ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಉತ್ತರ ಸಪ್ಪೆಯಾಗಿದ್ದರೆ ಸುಲಿಯುವುದು ಹಾಗೇ ನಡೆದಿರುತ್ತಿತ್ತು. ಬೆರಳು ನಿಂತಿತೆಂದರೆ ನಾವೇನೋ ಕೆಲಸಕ್ಕೆ ಬರುವ ಮಾತಾಡಿದ್ದೇವೆ ಎಂದರ್ಥ. ಆಗ ಅವರು ತಲೆಯೆತ್ತಿ, "ಚೆನ್ನಾಗೈತೆ ಕಣಮ್ಮ. ಈಗ ನೀನೇ ಕೆಡವು" ಅನ್ನುತ್ತಿದ್ದರು.

ಅದು ಅವರ ತರಗತಿಯ ಕಾಯಿದೆ. ಉತ್ತರ ಹೇಳಿದವರು ಕೂರುವ ಹಾಗಿಲ್ಲ. ತಮ್ಮ ಉತ್ತರ ಎಲ್ಲಿ ಸಡಿಲವಾಗಿದೆ ಅಂತ ತಾವೇ ತೋರಿಸಬೇಕು.

ನಾನು ಆಗಲೇ ಚರ್ಚಾಸ್ಪರ್ಧೆಗಳಲ್ಲಿ ಕಪ್ ಎತ್ತುತ್ತಿದ್ದವಳು. ಶಿರಾದ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ನನ್ನ ಬಾಯಿಗೆ ಮೇಷ್ಟ್ರುಗಳೂ ಸ್ವಲ್ಪ ಹೆದರುತ್ತಿದ್ದರು. ಈ ಕಾಯಿದೆ ನನಗೆ ಒಗ್ಗಲಿಲ್ಲ.

"ಮೇಡಂ, ಡಿಬೇಟಲ್ಲಿ ಯಾರಾದ್ರೂ ತಮ್ಮ ಪಾಯಿಂಟ್ ತಾವೇ ಕೆಡವ್ಕೊಂತಾರಾ?"

"ನೀನು ಕೆಡವಲಿಲ್ಲ ಅಂದ್ರೆ ಎದುರಿಗಿರೋಳು ಕೆಡವ್ತಾಳಲ್ಲಮ್ಮ. ಅವಳಿಗಿಂತ ಮುಂಚೆ ನಿಂಗೇ ಗೊತ್ತಿದ್ರೆ ನಷ್ಟ ಯಾರ್ಗೆ?"

ಅವರು ಪಾವಗಡದ ಕಡೆಯವರು. ಮಾತಿನ ಕೊನೆಗೆ ಒಂದು "ಸರೇನಾ?" ಸೇರಿಸಿ ಮುಂದಿನ ಬೆಂಚಿಗೆ ಹೋಗಿಬಿಟ್ಟರು.

ಸೃಜನಶೀಲ ತರಗತಿ ಎಂಬ ಮಾತನ್ನು ನಾನು ಇವತ್ತಿಗೂ ಸುಲಭವಾಗಿ ನಂಬುವುದಿಲ್ಲ. ಎಷ್ಟೋ ಕಡೆ ಗೋಡೆಗೆ ದೊಡ್ಡ ಪರದೆ ಬಂದಿದೆ, ಸರಿ. ಮೊದಲು ಬೋರ್ಡಿನಿಂದ ನಕಲು ಮಾಡುತ್ತಿದ್ದ ಮಕ್ಕಳು ಈಗ ಪರದೆಯಿಂದ ನಕಲು ಮಾಡುತ್ತಾರೆ. ಮೇಡಂ ತರಗತಿಯಲ್ಲಿ ಪರದೆ ಇರಲಿಲ್ಲ. ಆದರೆ ಅಲ್ಲಿ ನಕಲು ನಡೆಯುತ್ತಿರಲಿಲ್ಲ. ಗೈಡಿನಲ್ಲಿ ಉತ್ತರ ಸಿಗುತ್ತದೆ, ಉತ್ತರದ ತಪ್ಪು ಸಿಗುವುದಿಲ್ಲವಲ್ಲ.

ಶನಿವಾರದ ಕೊನೆಯ ಎರಡು ಪೀರಿಯಡ್ ಅವರದು. ಶಾಲೆಯಲ್ಲಿ ನಮಗೆ ಕಾಟ ಕೊಡುವ ಏನನ್ನಾದರೂ ಆರಿಸಿಕೊಂಡು ಅದಕ್ಕೆ ಉಪಾಯ ಹುಡುಕುವುದು ಆ ಹೊತ್ತಿನ ಕೆಲಸ. ಹೆಡ್ ಮಾಸ್ಟರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆ. ಒಂದು ದಿನ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಮೇಡಂ, ಮಧುಗಿರಿ ವಸ್ತುಪ್ರದರ್ಶನದಲ್ಲಿ ಈ ಸಲ ಪ್ರೈಜ್ ತನ್ನಿ. ಇಲ್ದಿದ್ರೆ ಶನಿವಾರದ ಎರಡೂ ಪೀರಿಯಡ್ ನನ್ನ ಗಣಿತಕ್ಕೆ ಬಿಟ್ಕೊಡಿ."

"ಆಗ್ಲಿ ಸಾರ್" ಅಂದರು ಮೇಡಂ.

ನಮಗೆ ಕಾಟ ಕೊಡುತ್ತಿದ್ದುದು ನಮ್ಮ ತರಗತಿಯೇ, ತಗಡು ಶೀಟಿನ ಚಾವಣಿಯ ರೂಮು. ಬೇಸಿಗೆಯಲ್ಲಿ ಅದರೊಳಗೆ ಕೂತರೆ ತಲೆ ಕಾದ ಬಾಣಲಿಯಾಗುತ್ತಿತ್ತು. ಎಣ್ಣೆ ಮಿಲ್ಲಿನ ಹಿಂದೆ ರಾಶಿ ಬಿದ್ದಿರುವ ಕಡ್ಲೆಕಾಯಿ ಸಿಪ್ಪೆಯನ್ನು ಹಾಸಿಗೆಯಂತೆ ಹೊಲಿದು ಶೀಟಿನ ಮೇಲೆ ಹಾಸಿದರೆ ಹೇಗೆ ಅಂತ ನನಗೆ ಹೊಳೆಯಿತು. ನಮ್ಮ ಅಬ್ಬಾ ಊರಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇಟ್ಟವರು. ಬಟ್ಟೆ ಕೇಳಲು ಮೇಡಂ ತಾವೇ ಬಂದರು.

"ಸಿಪ್ಪೆಗೆ ಹಾಸಿಗೇನಾ ಮೇಡಂ? ಅದ್ರ ಮೇಲೆ ಯಾರು ಮಲಗ್ತಾರೆ?"

"ಬಿಸಿಲು ಮಲಗ್ತದೆ ಭಾಯ್."

ಅಬ್ಬಾ ನಕ್ಕು ತುಂಡುಬಟ್ಟೆಯ ಗಂಟನ್ನೇ ಕೊಟ್ಟರು.

ಮಧುಗಿರಿಯಲ್ಲಿ ಶಿರಾ, ಕೊರಟಗೆರೆ, ಪಾವಗಡದ ಶಾಲೆಗಳೆಲ್ಲ ಸೇರಿದ್ದವು. ಅಂಗಳದ ಬಿಸಿಲಲ್ಲಿ ಎರಡು ತಗಡಿನ ಡಬ್ಬ ಇಟ್ಟೆವು, ಒಂದಕ್ಕೆ ಸಿಪ್ಪೆ ಹಾಸಿಗೆ ಹೊದಿಸಿ, ಇನ್ನೊಂದನ್ನು ಹಾಗೇ ಬಿಟ್ಟು. ತೀರ್ಪುಗಾರರು ಎರಡರೊಳಗೂ ಕೈಯಿಟ್ಟು ನೋಡಿ, "ವೆರಿ ಗುಡ್" ಅಂದರು. ಹೆಡ್ ಮಾಸ್ಟರ ಮುಖ ಅರಳಿತು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಬಹುಮಾನ ನಮ್ಮದೇ. ಆದರೆ ನಮ್ಮ ತರಗತಿಯಲ್ಲಿ ಉತ್ತರ ಅಲ್ಲಿಗೆ ಮುಗಿಯುತ್ತಲೇ ಇರಲಿಲ್ಲ.

"ಈಗ ಇದನ್ನ ಕೆಡವ್ತೀವಿ ಸಾರ್" ಅಂದೆ. "ಸಿಪ್ಪೆಗೆ ಇಲಿ ಬರ್ತವೆ. ಮಳೆ ಬಂದ್ರೆ ನೆನೆದು ಮುಗ್ಗುಲು ಹಿಡಿತದೆ."

ಪಕ್ಕದಲ್ಲಿದ್ದ ಗೆಳತಿ ಬಿಟ್ಟಾಳೆಯೇ? "ಕಿಡಿ ಬಿದ್ರೆ ಧಗ್ಗಂತ ಹತ್ಕೊಂಬುಡ್ತದೆ ಸಾರ್."

ತೀರ್ಪುಗಾರರು ಪೆನ್ನಿನ ಮುಚ್ಚಳ ಹಾಕಿ ಮುಂದೆ ನಡೆದರು. ಬಹುಮಾನ ಅಂಗಡಿಯಿಂದ ತಂದ ಥರ್ಮೊಕೋಲ್ ಜ್ವಾಲಾಮುಖಿಗೆ ಹೋಯಿತು. ಅದರ ಬುಡದಲ್ಲಿ ಪ್ಯಾಕಿಂಗ್ ಟೇಪು ಇನ್ನೂ ಅಂಟಿಕೊಂಡಿತ್ತು.

ವಾಪಸು ಬಸ್ಸಿನಲ್ಲಿ ಹೆಡ್ ಮಾಸ್ಟರು, "ಅಲ್ಲ ಕಣಮ್ಮ, ಎಲ್ಲಾ ಕಡೆ ಬಾಯಿ ಬಿಡ್ತೀಯ, ಸರಿ. ಮುಚ್ಚೋದು ಯಾವಾಗ ಕಲಿತೀಯ?" ಅಂದರು. ಮೇಡಂ ನಮ್ಮ ಕಡೆ ತಿರುಗಿ, "ಮುಖ ಯಾಕೆ ಇಂಗ್ ಮಾಡ್ಕೊಂಡಿದ್ದೀರ? ಇಲಿಗೆ ಏನ್ ಮಾಡಣ ಹೇಳಿ" ಅಂದರು.

ಸೋಮವಾರ ಹೆಡ್ ಮಾಸ್ಟರು ತರಗತಿಗೇ ಬಂದರು. "ಮೇಡಂ, ಮಾತು ಅಂದ್ರೆ ಮಾತು. ಶನಿವಾರ ಇನ್ಮೇಲೆ ನಂದು."

"ತಗೋಳಿ ಸಾರ್. ಆದ್ರೆ ಇಲ್ಲಿ ಒಂದು ಪದ್ಧತಿ ಐತೆ. ಹೇಳಿದೋರೇ ಕೆಡವ್ಬೇಕು."

ಹೆಡ್ ಮಾಸ್ಟರು ಸಿಡುಕರಾದರೂ ನ್ಯಾಯಸ್ಥರು. ಕನ್ನಡಕ ತೆಗೆದರು, ಒರೆಸಿದರು, ತಲೆಯ ಮೇಲಿನ ಶೀಟನ್ನು ನೋಡಿದರು.

"ಒಂದ್ ತಪ್ಪೈತೆ. ಶನಿವಾರ ಮಿಕ್ಕಿದ ಕ್ಲಾಸೆಲ್ಲ ಅರ್ಧ ಖಾಲಿ, ಇದೊಂದೇ ತುಂಬಿರ್ತದೆ. ಗಣಿತ ಅಂದ್ರೆ ಇವ್ರು ಬರ್ತಾರೋ ಇಲ್ವೋ."

"ಬರಲ್ಲ ಸಾರ್" ಎಂದಿತು ಹಿಂದಿನ ಬೆಂಚು.

ಅವರಿಗೂ ನಗು ತಡೆಯಲಾಗಲಿಲ್ಲ. "ಒಂದ್ ಪೀರಿಯಡ್ ನಂಗೆ, ಒಂದ್ ನಿಮ್ಗೆ. ಇದನ್ನ ಮಾತ್ರ ಕೆಡವಕ್ಕೆ ಹೇಳ್ಬೇಡಿ."

ಉಳಿದ ಆ ಒಂದು ಪೀರಿಯಡ್‌ನಲ್ಲೇ ನಾವು ನಮ್ಮ ತಪ್ಪುಗಳ ಬೆನ್ನು ಹತ್ತಿದೆವು. ಸಿಪ್ಪೆಯನ್ನು ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದೆವು, ಹಾಸಿಗೆಗೆ ಗೊಬ್ಬರದ ಚೀಲದ ಹೊದಿಕೆ ಹೊಲಿದೆವು. ಇಲಿ ಹತ್ತಿರ ಸುಳಿಯಲಿಲ್ಲ. ಕಿಡಿಯ ಭಯ ಪೂರಾ ಹೋಗಲಿಲ್ಲ, ಅದನ್ನೂ ಬಾಗಿಲ ಮೇಲೆ ಬರೆದು ಅಂಟಿಸಿದೆವು. ಮಾರ್ಚಿ ಬರುವಷ್ಟರಲ್ಲಿ ಶೀಟಿನ ಮೇಲೆ ಹಾಸಿಗೆಗಳು ಮಲಗಿದ್ದವು, ಮತ್ತು ಮಧ್ಯಾಹ್ನವಾದರೆ ಹೆಡ್ ಮಾಸ್ಟರ ಕುರ್ಚಿ ಆ ರೂಮಿಗೆ ಬರುತ್ತಿತ್ತು. ಕೇಳಿದರೆ, "ಗಲಾಟೆ ಕಮ್ಮಿ ಇಲ್ಲಿ" ಅನ್ನುತ್ತಿದ್ದರು.

ನಾನು ಶಾಲೆ ಬಿಟ್ಟ ಮೇಲೆ ಮೇಡಂ ನಾಗಲಮಡಿಕೆ ಹತ್ತಿರದ ಶಾಲೆಗೆ ವರ್ಗವಾದರು. ಈಗಲೂ ವೇದಿಕೆ ಹತ್ತುವ ಮೊದಲು ನನ್ನ ಭಾಷಣವನ್ನು ನಾನೇ ಒಮ್ಮೆ ಕೆಡವುತ್ತೇನೆ. ಕೆಡವಿದ ಮೇಲೆ ಉಳಿದದ್ದನ್ನು ಮಾತ್ರ ಆಡುತ್ತೇನೆ.

ಹಾಗಾದರೆ ಈ ಹೊಗಳಿಕೆಯನ್ನೂ ಕೆಡವಬೇಕು. ಮೇಡಂ ಎಲ್ಲರನ್ನೂ ಗೆದ್ದವರಲ್ಲ. ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿ ವರ್ಷವಿಡೀ ಎದ್ದು ನಿಲ್ಲಲಿಲ್ಲ. "ಆ ಮಗು ಹತ್ರ ನಾನು ಸೋತೆ ಕಣಮ್ಮ" ಅಂತ ಅವರೇ ಹೇಳಿದ್ದರು. ಎರಡನೆಯದು ಇನ್ನೂ ದೊಡ್ಡ ತಪ್ಪು: ಒಬ್ಬರ ಮೇಲೆ ನಿಂತ ಪದ್ಧತಿ ಅವರಿಗೆ ವರ್ಗವಾದ ದಿನವೇ ಬಸ್ಸು ಹತ್ತುತ್ತದೆ. ಈ ವಾದವನ್ನು ನಾನು ಬಹಳ ಕಾಲ ಗಟ್ಟಿ ಎಂದೇ ನಂಬಿದ್ದೆ.

ಮೊನ್ನೆ ಊಟಕ್ಕೆ ಕೂತಿದ್ದಾಗ, ಅಂಗಡಿಗೆ ಹೊಸ ಮಿಷನ್ ಯಾಕೆ ಬೇಡ ಅಂತ ಅಬ್ಬಾ ಉದ್ದಕ್ಕೆ ವಿವರಿಸುತ್ತಿದ್ದರು. ನನ್ನ ತಂಗಿ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಮೇಡಂ ಮುಖವನ್ನೇ ನೋಡದವಳು. ಮನೆಯ ಉರ್ದು ಮಾತಿನ ನಡುವೆ ಅವಳು ಕನ್ನಡದಲ್ಲಿ ಅಂದಳು:

"ಚೆನ್ನಾಗೈತೆ ಅಬ್ಬಾ. ಈಗ ನೀವೇ ಕೆಡವಿ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇದನ್ನ ಯಾರು ಹೇಳ್ಕೊಟ್ರೇ?" ಅಂದೆ.

"ಯಾರು ಹೇಳ್ಕೊಡ್ತಾರೆ? ನಮ್ ಸ್ಕೂಲಲ್ಲಿ ಎಲ್ಲಾರೂ ಅಂಗೇ ಅಲ್ವಾ" ಅಂದಳು, ಸಾರಿಗೆ ಕೈಚಾಚುತ್ತಾ.