ಬಟ್ಟಲಲ್ಲಿ ಹೋದ ನಿದ್ದೆ ಮಾತ್ರೆ

ಕೆಲಸದ ಮೇಲೆ ಕುಮಟಾಕ್ಕೆ ಹೊರಟಾಗ ಅಮ್ಮ ನಿದ್ದೆ ಮಾತ್ರೆಯ ಚೀಟಿ ಕೊಟ್ಟಿದ್ದಳು. ಅಲ್ಲಿಯ ಮೆಡಿಕಲ್ ಶಾಪಿನವರು ಅದರ ಮೇಲಿದ್ದ ಹೊನ್ನಾವರದ ಅಂಗಡಿಯ ಸೀಲು ತೋರಿಸಿ, “ಹೋದ ವಾರವೇ ಇವ್ರು ತಿಂಗಳಿಗಾಗುವಷ್ಟು ಕೊಟ್ಟಿದ್ರಲ್ಲ, ಎಂತ ಆತು? ಈ ಮಾತ್ರೆಗೆ ನಾವು ಲೆಕ್ಕ ಒಪ್ಪಿಸ್ಬೇಕು” ಎಂದರು.

ಸಿಟ್ಟಿನಲ್ಲೇ ಅವರೆದುರು ಅಮ್ಮನಿಗೆ ಫೋನ್ ಮಾಡಿದೆ.

“ಆಚೆಮನೆ ಗಂಗಕ್ಕ ಬಂಗಡೆ ಸಾರು ಕೊಟ್ಟಿದ್ಲು. ಬಟ್ಟಲು ಖಾಲಿ ಕಳಿಸೂಕಾತದ್ಯಾ? ನಿದ್ದೆ ಇಲ್ಲ ಅಂತಿದ್ಲು, ಇದ್ದ ಮಾತ್ರೆಯೆಲ್ಲ ಹಾಕಿ ಕೊಟ್ಟೆ.”

ಗಂಗಕ್ಕನಿಗೆ ದಮ್ಮು. ಅದನ್ನು ಹೇಳಿದ್ದೇ ಅಂಗಡಿಯವರು ಎದ್ದು ನಿಂತರು. “ದಮ್ಮಿದ್ದವರು ಇದನ್ನ ನುಂಗಿದ್ರೆ ಉಸಿರಿಗೇ ಅಪಾಯ. ಈಗ್ಲೇ ವಾಪಸ್ ತರಿಸಿ ಮಾರಾಯ್ರೆ.”

ಪುಣ್ಯಕ್ಕೆ ಗಂಗಕ್ಕ ಇನ್ನೂ ನುಂಗಿರಲಿಲ್ಲ; ಅಮ್ಮ ಆಗಲೇ ಹೋಗಿ ಮಾತ್ರೆ ವಾಪಸ್ ತಂದಳು. ನನಗೆ ಮಾತ್ರೆ ಕೊಡದ ಆ ಮನುಷ್ಯನಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಮ್ಮ ಈಗ ಬಟ್ಟಲಲ್ಲಿ ಬೆಲ್ಲ ಹಾಕಿ ಕಳಿಸುತ್ತಾಳೆ, ಅದೂ ಗಂಗಕ್ಕನಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಕೇಳಿಕೊಂಡ ಮೇಲೆ.