ಹನ್ನೆರಡು ಗಿಡ್ಡ ಮೆಟ್ಟಿಲು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಾಗಿಲು ಕೂರಿಸದ ಪ್ರಾರ್ಥನಾ ಮಂದಿರದೊಳಗೆ ಮೇಸ್ತ್ರಿ ತೊಟ್ಟಿಯ ಅಂಚಿಗೆ ಮಂಡಿಯೂರಿ ಕೂತಿದ್ದಾರೆ. ಕಂಡವರು ಪ್ರಾರ್ಥನೆ ಎಂದುಕೊಳ್ಳಬೇಕು. ಅವರ ಕಣ್ಣಿರುವುದು ಗೋಡೆಯ ಮೇಲಿನ ಪೆನ್ಸಿಲ್ ಗೆರೆಯ ಮೇಲೆ. ನಿನ್ನೆ ಸಂಜೆ ತುಂಬಿಸಿದ ನೀರು ಆ ಗೆರೆಗಿಂತ ಎರಡು ಬೆರಳು ಕೆಳಗಿಳಿದಿದೆ.

"ಎಲ್ಲೋ ಕುಡೀತಿದೆ," ಎನ್ನುತ್ತಾರೆ, ಅವರ ಕೆಲಸ ನೋಡಿ ಬರೆಯಲು ಬಂದ ನಮಗೆ, ಹಟಮಾರಿ ಮಗುವಿನ ಮೇಲೆ ದೂರು ಹೇಳುವ ಧಾಟಿಯಲ್ಲಿ.

ಈ ಬ್ಯಾಪ್ಟಿಸ್ಟ್ ಸಭೆ ಹತ್ತೊಂಬತ್ತು ವರ್ಷ ಬಾಡಿಗೆ ಜಾಗಗಳಲ್ಲೇ ಕೂಡಿದೆ. ಟೈಲರ್ ಅಂಗಡಿಯ ಮಹಡಿಯಲ್ಲಿ ಶುರುವಾದಾಗ ಹನ್ನೊಂದು ಜನ. ಈಗ ಇನ್ನೂರರ ಹತ್ತಿರ. ಸ್ವಂತ ಸೂರು ಇದೇ ಮೊದಲು. ಇವರಲ್ಲಿ ದೀಕ್ಷಾಸ್ನಾನವೆಂದರೆ ತಲೆಗೆ ನೀರು ಚಿಮುಕಿಸುವುದಲ್ಲ, ಪೂರ್ತಿ ಮುಳುಗಿ ಏಳಬೇಕು. ಇಷ್ಟು ವರ್ಷ ಅದಕ್ಕೆ ಹೊಳೆಯೇ ಗತಿ. ದಂಡೆ ಕಡಿದು. ಮೇಸ್ತ್ರಿಯ ಹೆಂಡತಿ ಈ ಸಭೆಗೆ ಬರುವವರು, ಅವರಿಗೆ ಮಂಡಿನೋವು. ಮೂರು ಸಲ ದಂಡೆಯವರೆಗೆ ಹೋಗಿ, ಸ್ನಾನಕ್ಕೆಂದು ಉಟ್ಟ ಬಿಳಿ ಬಟ್ಟೆ ಒದ್ದೆಯಾಗದೆ ಹಿಂದಿರುಗಿದ್ದಾರೆ.

ಮೇಸ್ತ್ರಿ ಸಭೆಯವರಲ್ಲ. ಮೂವತ್ತಾರು ವರ್ಷದಿಂದ ಕರಣೆ ಹಿಡಿದವರು, ದಿನಕ್ಕೆ ಆರುನೂರು ಇಟ್ಟಿಗೆ ಕಟ್ಟುವವರು. ಸಿಮೆಂಟು ತಿಂದ ಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ. ಬೆರಳ ಗೆರೆ ಓದುವ ಯಂತ್ರ ಅವರನ್ನು ಗುರುತಿಸುವುದಿಲ್ಲ. ಕಟ್ಟಿದ ಮನೆಗಳು ನೂರಕ್ಕೂ ಮೇಲು, ಕೆಲಸ ಮುಗಿದ ಮೇಲೆ ಒಳಗೆ ಹೋಗಿ ಕೂತದ್ದು ಮೂರರಲ್ಲಿ.

ನಕ್ಷೆಯಲ್ಲಿ ವೇದಿಕೆಯ ಅಡಿ 'ತೊಟ್ಟಿ' ಎಂದಿತ್ತು. ಕುಡಿಯುವ ನೀರಿಗಿರಬೇಕೆಂದು ಅವರು ಒಂದೂವರೆ ಅಡಿಯ ಬಾಯಿ ಬಿಟ್ಟು, ಮೇಲೆ ಕಾಂಕ್ರೀಟು ಹಾಸಿಬಿಟ್ಟರು. ನೋಡಲು ಬಂದ ಪಾಸ್ಟರ್ ಆ ಬಾಯಿಯನ್ನೊಮ್ಮೆ, ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು, "ಮೇಸ್ತ್ರಿಗಳೇ, ಇದ್ರಲ್ಲಿ ಕೊಡ ಇಳಿಯುತ್ತೆ, ನಾನು ಇಳಿಯಲ್ಲ," ಎಂದರು.

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ನಗಲಿಲ್ಲ. "ಇಷ್ಟು ವರ್ಷ ಜೊತೆಗಿದ್ದೀರಿ. ನಾನು ಯಾತಕ್ಕೆ ಕಾಯ್ತಿದೀನಿ ಅಂತ ಒಂದಿನಾನೂ ಕೇಳಲಿಲ್ವಲ್ರೀ."

ಹಾಸು ಒಡೆದರು. ಆಮೇಲೆ ಅಡುಗೆಮನೆಯಲ್ಲಿ ಒಂದರ ಮೇಲೊಂದು ಹಲಗೆ ಪೇರಿಸಿ, ಹೆಂಡತಿಯ ಕಾಲು ನೋವಿಲ್ಲದೆ ಎಷ್ಟು ಮೇಲೇಳುತ್ತದೆಂದು ಟೇಪು ಹಿಡಿದು ನೋಡಿದರು. ನಾಲ್ಕೇ ಇಂಚು. ಏಳು ಮೆಟ್ಟಿಲು ಸಾಕಾಗುವ ಆಳಕ್ಕೆ ಹನ್ನೆರಡು ಇಳಿಸಿದರು. ಅಷ್ಟಕ್ಕೆ ಜಾಗ ಸಾಲದೆ ಒಂದು ಗೋಡೆ ಒಡೆದು ತೊಟ್ಟಿಯನ್ನು ಉದ್ದ ಮಾಡಬೇಕಾಯಿತು. ಈಗ ಸೋರುತ್ತಿರುವುದು ಹಳೆಯ ಗೋಡೆಗೆ ಹೊಸದು ಕೂಡುವಲ್ಲಿ.

ಮಂದಿರದ ಸಮರ್ಪಣೆಗೆ ಉಳಿದಿರುವುದು ಒಂಬತ್ತು ದಿನ. ಅಂದು ನೀರಿಗಿಳಿಯುವವರು ನಾಲ್ವರು, ಅವರಲ್ಲಿ ಹೆಂಡತಿಯೂ ಒಬ್ಬರು. "ಇದು ಸೋರಿದ್ರೆ ಮೂರು ಜನ ಹೊಳೆಗೆ ಹೋಗ್ತಾರೆ. ಇವಳೆಲ್ಲಿಗೆ ಹೋಗ್ಬೇಕು?" ಎನ್ನುತ್ತಾರೆ ಮೇಸ್ತ್ರಿ.

ನೀರು ಖಾಲಿ ಮಾಡುತ್ತಾರೆ. ಸಂದು ಕೆತ್ತಿ, ಗಾರೆ ತುಂಬಿ, ಒದ್ದೆ ಗೋಣಿ ಹೊದಿಸುತ್ತಾರೆ. ಐದು ದಿನ ಬಿಟ್ಟು ಮತ್ತೆ ತುಂಬಿಸುತ್ತಾರೆ. ಎರಡು ದಿನ ಕಳೆದರೂ ನೀರು ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಬುತ್ತಿ ತಂದ ಹೆಂಡತಿ ಬಾಗಿಲಲ್ಲೇ ಕೇಳುತ್ತಾರೆ: "ನಿಂತ್ಕೊಂತಾ?"

"ನಿಂತಿದೆ."

"ಭಾನುವಾರ ನೀವೂ ಬರ್ತೀರಾ?"

"ಮೆಟ್ಟಿಲು ಕಾಣೋ ಕಡೆ ನಿಲ್ಲೋಕೆ ಬಿಟ್ರೆ ಬರ್ತೀನಿ." ಕರಣೆ ತೊಳೆಯುತ್ತಾ ನಮ್ಮ ಕಡೆ ತಿರುಗುತ್ತಾರೆ. "ಎಲ್ರೂ ಇವಳ ಮುಖ ನೋಡ್ತಾರೆ. ನಾನು ಕಾಲು ನೋಡ್ಬೇಕು."