ಭಾವನ ಕಾರಿನಲ್ಲಿ ಕಡಲಿಗೆ

ನನ್ನ ಭಾವನನ್ನು ನಾನು ಮೊದಲಿನಿಂದಲೂ ಮೆಚ್ಚಿದವಳಲ್ಲ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಅವನಿಗೆ ನಮ್ಮ ಯಲ್ಲಾಪುರವೆಂದರೆ ಲಾರಿಯವರು ಚಾ ಕುಡಿಯಲು ನಿಲ್ಲಿಸುವ ಜಾಗ, ಅಷ್ಟೇ. ನಮ್ಮ ಮನೆಮಾತನ್ನು ನಮ್ಮೆದುರೇ ಅಣಕಿಸುತ್ತಿದ್ದ. ನಾವು ನಗದಿದ್ದರೆ ಅಕ್ಕನ ಕಡೆ ತಿರುಗುತ್ತಿದ್ದ. ಅಕ್ಕ ನಗುತ್ತಿದ್ದಳು. ಅವನ ಜೊತೆ ಬಾಳಬೇಕಾದವಳು, ನಗದೆ ಏನು ಮಾಡಿಯಾಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದೆ. ಭಾವ ಹೊಸ ಕಾರು ಕೊಂಡ. ಅಂಕೋಲೆಯಿಂದಾಚೆ ಕಡಲ ದಂಡೆಯಲ್ಲಿ ಯಾರೋ ರೆಸಾರ್ಟ್ ಮಾಡಿದ್ದಾರೆ, ಬಹಳ ಶಾಂತವಾದ ಜಾಗ, ನಿಮ್ಮನ್ನೂ ಕರೆದೊಯ್ಯುತ್ತೇನೆ ಎಂದು ಫೋನು ಮಾಡಿದ. ಅಪ್ಪ ಅದನ್ನು ಪೇಟೆಯೆಲ್ಲ ಹೇಳಿಕೊಂಡು ಬಂದ. ಅಳಿಯನ ಮಾತಿಗೆ ತಲೆಯಾಡಿಸುವುದನ್ನು ಬಿಟ್ಟರೆ ಅಪ್ಪನಿಗೆ ಆ ಕಾಲದಲ್ಲಿ ಬೇರೆ ಉದ್ಯೋಗವಿದ್ದಂತೆ ಕಾಣಲಿಲ್ಲ. ನಿಜವಾದ ಸಂತೋಷ ಆಯಿಗೆ, ನಮ್ಮಮ್ಮನಿಗೆ. ಅವಳು ಕಡಲು ಕಂಡದ್ದು ಒಮ್ಮೆ ಗೋಕರ್ಣದಲ್ಲಿ, ಅಜ್ಜನ ಕಾರ್ಯಕ್ಕೆ ಹೋದಾಗ, ಭಟ್ಟರ ಗಡಿಬಿಡಿಯ ನಡುವೆ.

ದಾರಿಗೆಂದು ಅವಳು ಬಾಳೆ ಎಲೆಯಲ್ಲಿ ತೆಳ್ಳೇವು ಕಟ್ಟಿದ್ದಳು. ಅಕ್ಕಿಯ ಆ ತೆಳುದೋಸೆಯ ಜಿಡ್ಡು ಸೀಟಿಗೆ ತಾಗೀತೆಂದು ಭಾವ ಗಂಟನ್ನು ಮನೆಯಲ್ಲೇ ಇಡಿಸಿದ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವನಿನ್ನೂ ತೆಗೆದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೂತರೆ ಜಾರುತ್ತಿತ್ತು, ಬೆವೆತರೆ ಅಂಟುತ್ತಿತ್ತು.

ಅರಬೈಲ್ ಘಟ್ಟದಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಕೆಂಪು ಧೂಳು ಒಳಬರುತ್ತದೆಂದು ಭಾವ ಕಿಟಕಿ ಇಳಿಸಲು ಬಿಡಲಿಲ್ಲ. ಎಸಿ ಗಾಳಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ತಿರುವಿನ ಮೇಲೆ ತಿರುವು. ಆಯಿಯ ಮುಖ ಬಿಳಿಚಿತು. ಸ್ವಲ್ಪ ನಿಲ್ಲಿಸು ಎಂದಳು. ಅವನು ತಿರುಗಿಯೂ ನೋಡದೆ ಒಂದು ಕ್ಯಾರಿಬ್ಯಾಗನ್ನು ಹಿಂದಕ್ಕೆ ಚಾಚಿದ. ಆಯಿ ಅದರಲ್ಲೇ ವಾಂತಿ ಮಾಡಿ, ಗಂಟು ಹಾಕಿ, ಘಟ್ಟ ಇಳಿಯುವವರೆಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಕಾರಿನ ಬ್ರೇಕನ್ನು ಹೊಗಳುತ್ತಿದ್ದ.

ರೆಸಾರ್ಟು ಎಂದರೆ ಮೂರ್ನಾಲ್ಕು ಹಂಚಿನ ಕೋಣೆಗಳು, ಒಂದಿಷ್ಟು ಹುಲ್ಲುಹಾಸು, ಒಂದು ಜನರೇಟರು. ಬೇಲಿಯಾಚೆ ಮೀನುಗಾರರ ಹೆಂಗಸರು ಮೀನು ಒಣಗಿಸುತ್ತಿದ್ದರು. ಆ ವಾಸನೆಗೆ ಭಾವ ಮೂಗು ಮುಚ್ಚಿಕೊಂಡು ಮ್ಯಾನೇಜರನನ್ನು ಕರೆಸಿ, ಅವರನ್ನು ಅಲ್ಲಿಂದ ಏಳಿಸಬೇಕೆಂದ. ದಂಡೆ ಅವರದ್ದೇ ಎಂದು ಮ್ಯಾನೇಜರ ವಿನಯದಿಂದಲೇ ಹೇಳಿದ. ಆಮೇಲೆ ಭಾವ ಊಟದುದ್ದಕ್ಕೂ ಅದನ್ನೇ ಆಡಿದ. ಕಡಲಿಗೆ ಬಂದು ಮೀನಿನ ವಾಸನೆಗೆ ಸಿಟ್ಟಾಗುವ ಮನುಷ್ಯನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆಯಿ ಮಾತ್ರ ಊಟ ಮುಗಿಸಿ ಬೇಲಿಯ ಹತ್ತಿರ ಹೋಗಿ, ಮೀನು ತಿನ್ನದವಳು, ಆ ಹೆಂಗಸರೊಡನೆ ಬಿಸಿಲಿನ ಬಗ್ಗೆ, ಮಕ್ಕಳ ಬಗ್ಗೆ ಮಾತಾಡುತ್ತ ನಿಂತಳು.

ಸಂಜೆ ದಂಡೆಯಲ್ಲಿ ಭಾವ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದ. ಯಾರೂ ನೀರಿಗೆ ಇಳಿಯಬಾರದು, ಬಟ್ಟೆಗೆ ಹತ್ತಿದ ಮರಳು ಕಾರಿಗೆ ಬರುತ್ತದೆ ಎಂದ. ನಾವು ನಿಂತು ಕಡಲು ನೋಡಿ, ನೋಡಿಯಾಯಿತೆಂದು ವಾಪಸಾದೆವು.

ಮರುದಿನ ಹೊರಡುವ ಮೊದಲು ಆಯಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಸೀರೆಯುಟ್ಟೇ ಸೊಂಟದವರೆಗೆ ನೀರಿನಲ್ಲಿದ್ದಳು. ತೆರೆ ಬಂದಾಗ ಮೂಗು ಹಿಡಿದು ಮುಳುಗುತ್ತಿದ್ದಳು, ಎದ್ದು ಮುಂದಿನ ತೆರೆಗೆ ಕಾಯುತ್ತಿದ್ದಳು. ನನ್ನನ್ನು ಕಂಡು ಬಾ ಎಂದು ಕೈಬೀಸಿದಳು. ನಾನೂ ಇಳಿದೆ.

ಇಬ್ಬರೂ ಬೇರೆ ಬಟ್ಟೆಯುಟ್ಟು ಕಾರಿನ ಹತ್ತಿರ ಬಂದಾಗ ಆಯಿಯ ಜಡೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಭಾವ ಪ್ಲಾಸ್ಟಿಕ್ಕಿನ ಮೇಲೆ ಹಳೆ ಪೇಪರು ಹಾಸುತ್ತಿದ್ದ.

"ಅತ್ತಿ, ತಲಿ ಒಣಗಿದ ಮ್ಯಾಲೆ ಕೂಡ್ರಿ. ಸೀಟು ಹೊಸಾವು ಅದಾವ," ಎಂದ.

ಅಪ್ಪ ಆಗಲೇ ಬೆಲ್ಟು ಕಟ್ಟಿಕೊಂಡಿದ್ದ. ಅಕ್ಕ ನೆಲ ನೋಡಿದಳು. ಆಯಿ ಹಾಸಿದ ಪೇಪರನ್ನು ಒಮ್ಮೆ ನೋಡಿ ತನ್ನ ಚೀಲ ಎತ್ತಿಕೊಂಡಳು.

"ಆನು ಬಸ್ಸಿಗೆ ಬತ್ತೆ. ನಿಂಗ ಹೋಗಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಕಿಟಕಿಯಿಂದ ಏನೋ ಸಮಾಧಾನ ಹೇಳತೊಡಗಿದ. ಬೆಲ್ಟು ಮಾತ್ರ ಬಿಚ್ಚಲಿಲ್ಲ. ನಾನು ಆಯಿಯ ಹಿಂದೆ ಹೊರಟೆ. ಬೇಲಿಯಾಚೆಯ ಹೆಂಗಸೊಬ್ಬಳು ಹೆದ್ದಾರಿಗೆ ಹತ್ತಿರದ ಕಾಲುದಾರಿ ತೋರಿಸಿದಳು.

ಅಂಕೋಲೆಯಲ್ಲಿ ಯಲ್ಲಾಪುರದ ಬಸ್ಸು ಸಿಕ್ಕಿತು. ಆಯಿ ಕಿಟಕಿಯ ಪಕ್ಕ ಕೂತು ಗಾಜು ಪೂರ್ತಿ ಸರಿಸಿದಳು. ಘಟ್ಟ ಹತ್ತುವಾಗ ಧೂಳೆಲ್ಲ ನಮ್ಮ ಒದ್ದೆ ಕೂದಲಿಗೇ ಬಂದು ಕೂತಿತು. ಅವಳಿಗೆ ಹೊಟ್ಟೆ ತೊಳಸಲಿಲ್ಲ. ಶೇಂಗಾ ತಿಂದಳು, ನಿದ್ದೆ ಮಾಡಿದಳು.

ಮನೆಗೆ ಬಂದರೆ ಅಪ್ಪ ಜಗುಲಿಯಲ್ಲಿ ಒಬ್ಬನೇ ಕೂತಿದ್ದ. ಬೀಗದ ಕೈ ಆಯಿಯ ಹತ್ತಿರವಿತ್ತು. ಭಾವ ಅವನನ್ನು ಗೇಟಿನಲ್ಲಿ ಇಳಿಸಿ ನಿಲ್ಲದೆ ಹೋಗಿದ್ದನಂತೆ. ರಸ್ತೆಯಲ್ಲಿ ಎಷ್ಟು ಧೂಳು ನೋಡು, ಅವನಾದರೂ ಏನು ಮಾಡುತ್ತಾನೆ ಎಂದು ಅಪ್ಪ ಆಗಲೂ ಅಳಿಯನ ಪರವಾಗಿಯೇ ಮಾತಾಡಿದ. ಆಯಿ ಬಾಗಿಲು ತೆಗೆದು ಒಲೆಯ ಮೇಲೆ ಚಾಕ್ಕೆ ನೀರಿಟ್ಟಳು.

ಭಾವ ಮುಂದೆ ಮದುವೆಮನೆಗಳಲ್ಲಿ ಇದನ್ನು ತಮಾಷೆಯ ಕಥೆಯಾಗಿ ಹೇಳಿದ. ಅದರಲ್ಲಿ ಅತ್ತೆಗೆ ಕಡಲಿನ ಹುಚ್ಚು, ಅವನಿಗೆ ಬಹಳ ತಾಳ್ಮೆ. ಕೇಳಿದವರು ನಕ್ಕರು, ಅವರ ಬಗ್ಗೆಯೂ ನನಗೆ ದೊಡ್ಡ ಅಭಿಪ್ರಾಯವಿಲ್ಲ.

ಮರುವರ್ಷ ಚಳಿ ಬಿದ್ದ ಮೇಲೆ ಆಯಿ, ನಾನು ಮತ್ತೆ ಬಸ್ಸಿನಲ್ಲೇ ಅಂಕೋಲೆಗೆ ಹೊರಟೆವು. ಹುಬ್ಬಳ್ಳಿಯಿಂದ ಯಲ್ಲಾಪುರದ ಸ್ಟ್ಯಾಂಡಿಗೆ ಬಂದ ಅಂಕೋಲೆ ಬಸ್ಸಿನಲ್ಲಿ ಅಕ್ಕ ಕೂತಿದ್ದಳು. ಮನೆಯಲ್ಲಿ ಏನು ಹೇಳಿ ಬಂದಳೋ, ನಾವು ಕೇಳಲಿಲ್ಲ. ಆಯಿ ಅವಳ ಪಕ್ಕ ಕೂತು ತೆಳ್ಳೇವಿನ ಗಂಟು ಬಿಚ್ಚಿದಳು.